ಕೊರತೆ ಕೆಳಗೆ, ಗಡ್ಡೆ ಮೇಲೆ

ನಮ್ಮ ಯಾವ ಊರಿನ ಬಸ್ ನಿಲ್ದಾಣಕ್ಕೆ ಹೋದರೂ ಗೋಡೆಯ ಮೇಲೆ ಒಂದು ಭಿತ್ತಿಪತ್ರ ಇದ್ದೇ ಇರುತ್ತದೆ. ‘ನರದೌರ್ಬಲ್ಯ, ನಿಶ್ಶಕ್ತಿ, ಗುಪ್ತ ಸಮಸ್ಯೆಗಳಿಗೆ ಶಾಶ್ವತ ಪರಿಹಾರ’, ಕೆಳಗೆ ಒಂದು ಫೋನ್ ನಂಬರು, ಡಾಕ್ಟರು ವಾರಕ್ಕೊಮ್ಮೆ ಇಂಥ ಲಾಡ್ಜಿನಲ್ಲಿ ಸಿಗುತ್ತಾರೆಂಬ ಸೂಚನೆ. ಅದೇ ಜಾಹೀರಾತು ಈಗ ಕೋಟು ತೊಟ್ಟು ಮೊಬೈಲಿಗೂ ಬಂದಿದೆ. ಅಲ್ಲಿ ಅದರ ಹೆಸರು ‘ಟೆಸ್ಟೋಸ್ಟೆರಾನ್ ಬೂಸ್ಟರ್’. ಲಾಡ್ಜಿನ ಡಾಕ್ಟರಿಗೂ ಮೊಬೈಲಿನ ವ್ಯಾಪಾರಿಗೂ ಒಂದು ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ: ಗಂಡಸಿನ ತೊಂದರೆಯೆಲ್ಲ ಸೊಂಟದ ಕೆಳಗೇ ಇದೆ.

ಹಾಗೆ ನಂಬಿ ವರ್ಷಗಟ್ಟಲೆ ಕಳೆದುಕೊಂಡ ಗಂಡಸರಲ್ಲಿ ಕೆಲವರ ತೊಂದರೆ ಇರುವುದು ತಲೆಯೊಳಗೆ. ‘ಇದೆಲ್ಲ ಮನಸ್ಸಿನ ಭ್ರಮೆ ಕಣೋ, ಟೆನ್ಷನ್ ಬಿಡು’ ಎಂದು ಗೆಳೆಯರು ಸಮಾಧಾನ ಹೇಳುತ್ತಾರಲ್ಲ, ಆ ಮಾತಲ್ಲ ನಾನು ಹೇಳುತ್ತಿರುವುದು. ಕಣ್ಣಿಗೆ ಕಾಣುವ, ಎಂಆರ್‌ಐ ಸ್ಕ್ಯಾನಿನಲ್ಲಿ ಅಳತೆ ಹಿಡಿಯಬಹುದಾದ ಗಡ್ಡೆಯೊಂದು ಅವರ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆದಿರುತ್ತದೆ. ಅದು ಬಹುತೇಕ ಎಂದೂ ಕ್ಯಾನ್ಸರ್ ಆಗಿರುವುದಿಲ್ಲ. ಸಾಮಾನ್ಯವಾಗಿ ಇಂಥ ಗಡ್ಡೆಗೆ ಒಳ್ಳೆಯ ಚಿಕಿತ್ಸೆಯೂ ಇದೆ. ಆದರೆ ಅದನ್ನು ಪತ್ತೆ ಹಚ್ಚಬೇಕಾದರೆ ಯಾರಾದರೊಬ್ಬರು ಮೇಲಕ್ಕೆ ತಲೆಯೆತ್ತಿ ನೋಡಬೇಕು.

ಎರಡು ಕಣ್ಣುಗಳ ನಡುವಿನಿಂದ ನೇರ ಹಿಂದಕ್ಕೆ ಹೋದರೆ ತಲೆಬುರುಡೆಯ ತಳದ ಮೂಳೆಯಲ್ಲಿ ಒಂದು ಪುಟ್ಟ ಗುಂಡಿ ಸಿಗುತ್ತದೆ. ಅದರೊಳಗೆ ಕಡಲೆಕಾಳಿನ ಗಾತ್ರದ, ಅರ್ಧ ಗ್ರಾಂ ಆಸುಪಾಸು ತೂಗುವ ಪಿಟ್ಯುಟರಿ ಕೂತಿದೆ. ಶಾಲೆಯಲ್ಲಿ ಗ್ರಂಥಿಗಳಿಗೆಲ್ಲ ನಾಯಕ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆತದ್ದು ಇದನ್ನೇ. ನಿಜ ಹೇಳಬೇಕೆಂದರೆ ಈ ನಾಯಕನ ಮೇಲೂ ಒಬ್ಬ ಯಜಮಾನನಿದ್ದಾನೆ. ಪಿಟ್ಯುಟರಿಯ ಮೇಲುಗಡೆ, ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್. ಅದು ಸುಮಾರು ಒಂದೂವರೆ-ಎರಡು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ರಾಸಾಯನಿಕವನ್ನು ತುಸುವೇ ಚಿಮ್ಮಿಸುತ್ತದೆ. ಆ ಸೂಚನೆ ತಲುಪಿದ ಕೂಡಲೆ ಪಿಟ್ಯುಟರಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ವೃಷಣಗಳಿಗೆ ಹೋಗಿ ಟೆಸ್ಟೋಸ್ಟೆರಾನ್ ತಯಾರಿಸು ಎನ್ನುತ್ತದೆ. ಎಫ್‌ಎಸ್‌ಎಚ್ ವೀರ್ಯಾಣುಗಳ ಉತ್ಪತ್ತಿಗೆ ನೆರವಾಗುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಾದಾಗ ಅದೇ ಮೇಲಕ್ಕೆ ಸುದ್ದಿ ಕಳಿಸಿ, ಇನ್ನು ಸಾಕು ನಿಲ್ಲಿಸಿ ಎನ್ನುತ್ತದೆ.

ಕೆರೆಯ ತೂಬಿನಲ್ಲಿ ಕಲ್ಲು ಸಿಕ್ಕಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ಗದ್ದೆಯಲ್ಲಿ ನಿಂತು ಬಿಂದಿಗೆಯಿಂದ ನೀರು ಹೊಯ್ಯುವವನಿಗೆ ಪೈರು ಎರಡು ದಿನ ಹಸಿರಾಗಿ ಕಂಡೀತು. ತೂಬಿನ ಕಲ್ಲು ಅಲ್ಲೇ ಇರುತ್ತದೆ. ಟೆಸ್ಟೋಸ್ಟೆರಾನ್ ಕಡಿಮೆ ಬಂದ ಕೂಡಲೆ ಇಂಜೆಕ್ಷನ್ ಚುಚ್ಚುವ ವೈದ್ಯ ಮಾಡುವುದು ಇಷ್ಟನ್ನೇ.

ಟೆಸ್ಟೋಸ್ಟೆರಾನಿನ ಇತಿಹಾಸ ಸ್ವಾರಸ್ಯದ್ದೇ, ಆದರೆ ಇಲ್ಲಿ ಅದರ ತುಣುಕು ಸಾಕು. 1849ರಲ್ಲಿ ಜರ್ಮನಿಯ ಗೋಟಿಂಗೆನ್‌ನಲ್ಲಿ ಬರ್ಟೋಲ್ಡ್ ಎಂಬಾತ ಹುಂಜಗಳ ಬೀಜ ತೆಗೆದು, ಕೆಲವಕ್ಕೆ ಅದನ್ನು ಹೊಟ್ಟೆಯೊಳಗೆ ಮರಳಿ ನೆಟ್ಟು, ನೆಟ್ಟವು ಮಾತ್ರ ಜುಟ್ಟು ಬೆಳೆಸಿ ಕೂಗುವುದನ್ನು ತೋರಿಸಿದ. 1930ರ ದಶಕದ ಆರಂಭದಲ್ಲಿ ಅಡಾಲ್ಫ್ ಬ್ಯೂಟೆನಾಂಟ್ ಪೊಲೀಸರ ಸಾವಿರಾರು ಲೀಟರ್ ಮೂತ್ರ ಸಂಗ್ರಹಿಸಿ ಅದರಿಂದ ಕೆಲವೇ ಮಿಲಿಗ್ರಾಂ ಆಂಡ್ರೊಸ್ಟೆರೋನ್ ಎಂಬ ಪುರುಷ ಹಾರ್ಮೋನು ತೆಗೆದ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್‌ಸ್ಟ್ ಲಾಕ್ಯೂರ್ ತಂಡ ಹೋರಿಗಳ ವೃಷಣದಿಂದ ಟೆಸ್ಟೋಸ್ಟೆರಾನನ್ನೇ ಬೇರ್ಪಡಿಸಿ ಅದಕ್ಕೆ ಆ ಹೆಸರಿಟ್ಟಿತು. ಅದೇ ವರ್ಷ ಬ್ಯೂಟೆನಾಂಟ್ ಮತ್ತು ರುಝಿಚ್ಕಾ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ, 1939ರ ರಸಾಯನಶಾಸ್ತ್ರದ ನೊಬೆಲ್‌ಗೆ ಪಾತ್ರರಾದರು. ಇಷ್ಟು ಹಳೆಯ ಈ ಹಾರ್ಮೋನಿನ ಎದುರು, ಅದನ್ನು ಬಗ್ಗಿಸುವ ಇನ್ನೊಂದು ಹಾರ್ಮೋನು ಮನುಷ್ಯರಲ್ಲಿ ಪತ್ತೆಯಾಗಿದ್ದು ತೀರಾ ಈಚೆಗೆ. ಅದು ಪ್ರೊಲ್ಯಾಕ್ಟಿನ್.

ಪ್ರೊಲ್ಯಾಕ್ಟಿನ್ ಎಂದರೆ ಬಾಣಂತಿಯ ಎದೆಹಾಲು ಹೆಚ್ಚಿಸುವ ಹಾರ್ಮೋನು. ದನ, ಕುರಿಗಳಲ್ಲಿ ಅದು ಮೊದಲಿನಿಂದ ಗೊತ್ತಿತ್ತು. ಮನುಷ್ಯರಲ್ಲಿ ಬೆಳವಣಿಗೆಯ ಹಾರ್ಮೋನೇ ಆ ಕೆಲಸವನ್ನೂ ಮಾಡುತ್ತದೇನೋ ಎಂದು ತಜ್ಞರು ಬಹಳ ಕಾಲ ಅಂದುಕೊಂಡಿದ್ದರು. 1970ರ ಸುಮಾರಿಗೆ ಕೆನಡಾದ ಹೆನ್ರಿ ಫ್ರೀಸೆನ್ ಮೊದಲಾದವರು ಅದು ಬೇರೆಯೇ ಹಾರ್ಮೋನು ಎಂದು ಖಚಿತಪಡಿಸಿ, ರಕ್ತದಲ್ಲಿ ಅಳೆಯುವ ದಾರಿ ತೋರಿಸಿದರು. ಅಳತೆ ಕೈಗೆ ಸಿಕ್ಕಿದ್ದೇ ತಡ, ಒಂದು ಅಚ್ಚರಿ ಹೊರಬಿತ್ತು. ಯಾವ ಹಾರ್ಮೋನನ್ನೂ ಸ್ರವಿಸದ ‘ಸುಮ್ಮನಿರುವ ಗಡ್ಡೆ’ ಎಂದು ಅಲ್ಲಿಯವರೆಗೆ ಬರೆದುಕೊಳ್ಳುತ್ತಿದ್ದ ಪಿಟ್ಯುಟರಿ ಗಡ್ಡೆಗಳಲ್ಲಿ ಬಹಳಷ್ಟು ಸುಮ್ಮನಿರಲೇ ಇಲ್ಲ. ಅವು ಪ್ರೊಲ್ಯಾಕ್ಟಿನ್ ಸುರಿಯುತ್ತಿದ್ದವು. ಅಳೆಯಲು ಬಾರದಿದ್ದ ಕಾರಣಕ್ಕೆ ಅವು ನಮಗೆ ಮೌನವಾಗಿ ಕಂಡಿದ್ದವು. ಇಂದು ಹಾರ್ಮೋನು ಸ್ರವಿಸುವ ಪಿಟ್ಯುಟರಿ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ, ಪ್ರೊಲ್ಯಾಕ್ಟಿನೋಮಾ.

ಗಂಡಸಿಗೆ ಪ್ರೊಲ್ಯಾಕ್ಟಿನ್ ಯಾತಕ್ಕೆ? ಎಂದು ಕೇಳಬಹುದು. ಅವನ ರಕ್ತದಲ್ಲೂ ಅದು ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಮಿಲಿಲೀಟರಿಗೆ 15ರಿಂದ 20 ನ್ಯಾನೊಗ್ರಾಂ ಎಂಬುದು ಸಾಮಾನ್ಯ ಮೇಲ್ಮಿತಿ. ಹೈಪೊಥಲಾಮಸ್‌ನಿಂದ ಇಳಿದು ಬರುವ ಡೋಪಮಿನ್ ಅದನ್ನು ಹಗಲಿರುಳೂ ತಡೆಹಿಡಿದಿರುತ್ತದೆ. ಗಡ್ಡೆ ಬೆಳೆದು ಪ್ರೊಲ್ಯಾಕ್ಟಿನ್ ಏರಿದರೆ ಹೈಪೊಥಲಾಮಸ್ ಮಂಕಾಗಿ, ಜಿಎನ್‌ಆರ್‌ಎಚ್ ಚಿಮ್ಮುವುದು ನಿಧಾನಿಸುತ್ತದೆ. ಎಲ್‌ಎಚ್ ಇಳಿಯುತ್ತದೆ. ವೃಷಣಗಳು ಆರೋಗ್ಯವಾಗಿದ್ದೂ ಅಪ್ಪಣೆ ಬಾರದೆ ಕೈಕಟ್ಟಿ ಕೂರುತ್ತವೆ. ಮಗುವಿಗೆ ಹಾಲೂಡಿಸುವ ತಾಯಿಗೆ ಕೆಲವು ತಿಂಗಳು ಮುಟ್ಟು ಬಾರದಿರುವುದೂ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ. ಪ್ರಕೃತಿ ತಾಯಂದಿರಿಗೆಂದು ಇಟ್ಟ ಏರ್ಪಾಡನ್ನು ಈ ಗಡ್ಡೆ ಗಂಡಸಿನ ಮೇಲೆ ಹೇರುತ್ತದೆ.

ಇನ್ನೊಂದು ದಾರಿ ಇದಕ್ಕಿಂತ ಒರಟು. ಗಡ್ಡೆ ಯಾವ ಹಾರ್ಮೋನು ಸ್ರವಿಸಲಿ, ಸ್ರವಿಸದಿರಲಿ, ಒಂದು ಸೆಂಟಿಮೀಟರ್ ದಾಟಿ ಬೆಳೆಯಿತೆಂದರೆ ಪಕ್ಕದ ಒಳ್ಳೆಯ ಕೋಶಗಳನ್ನು ಅಮುಕುತ್ತದೆ. ಹಾಗೆ ಅಮುಕಿದಾಗ ಎಲ್ಲಕ್ಕಿಂತ ಮೊದಲು ಸೋಲುವುದು ಬೆಳವಣಿಗೆಯ ಹಾರ್ಮೋನು ಮತ್ತು ಎಲ್‌ಎಚ್-ಎಫ್‌ಎಸ್‌ಎಚ್. ಥೈರಾಯ್ಡನ್ನು, ಅಡ್ರಿನಲ್ ಗ್ರಂಥಿಯನ್ನು ನಡೆಸುವ ಹಾರ್ಮೋನುಗಳು ಸಾಮಾನ್ಯವಾಗಿ ಆಮೇಲೆ. ಹಾಗಾಗಿ ವಯಸ್ಕನಲ್ಲಿ ಪಿಟ್ಯುಟರಿ ಕೆಡುತ್ತಿದೆ ಎಂಬುದರ ಮೊದಲ ಸುಳಿವು ಎಷ್ಟೋ ಸಲ ಅವನ ಮಲಗುವ ಕೋಣೆಯಲ್ಲೇ ಸಿಗುತ್ತದೆ. ವಿಚಿತ್ರವೆಂದರೆ, ‘ಸುಮ್ಮನಿರುವ’ ಗಡ್ಡೆಗಳಲ್ಲಿ ಬಹುಪಾಲು ಹುಟ್ಟುವುದು ಎಲ್‌ಎಚ್-ಎಫ್‌ಎಸ್‌ಎಚ್ ತಯಾರಿಸಬೇಕಾದ ಕೋಶಗಳಿಂದಲೇ. ಕೋಶ ಲೆಕ್ಕವಿಲ್ಲದಷ್ಟಾದರೂ ಕೆಲಸಕ್ಕೆ ಬರುವ ಹಾರ್ಮೋನು ಬರುವುದಿಲ್ಲ. ಅಂಥ ಗಡ್ಡೆ ನಿಜವಾದ ಎಲ್‌ಎಚ್ ಸುರಿದು ಟೆಸ್ಟೋಸ್ಟೆರಾನನ್ನು ಏರಿಸುವುದು ತೀರಾ ಅಪರೂಪ.

ಪ್ರೊಲ್ಯಾಕ್ಟಿನೋಮಾ ಹೆಂಗಸರಲ್ಲಿ ಪುಟ್ಟದಿರುವಾಗಲೇ ಸಿಕ್ಕಿಬೀಳುತ್ತದೆ, ಗಂಡಸರಲ್ಲಿ ದೊಡ್ಡದಾಗಿ ಬೆಳೆದ ಮೇಲೆ. ಗಂಡಸರ ಗಡ್ಡೆಯ ಸ್ವಭಾವವೇ ತುಸು ಜೋರು ಎನ್ನುವ ತಜ್ಞರಿದ್ದಾರೆ, ಅದರಲ್ಲಿ ಸತ್ಯಾಂಶವೂ ಇದೆ. ಆದರೂ ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ ಬೇರೆ. ಹೆಂಗಸಿಗೆ ಮೂರು ತಿಂಗಳು ಮುಟ್ಟು ನಿಂತರೆ ಅವಳಿಗೂ ಗೊತ್ತಾಗುತ್ತದೆ, ಮನೆಯವರಿಗೂ ಗೊತ್ತಾಗುತ್ತದೆ. ಬಸಿರಲ್ಲದಿದ್ದರೂ ಎದೆಯಲ್ಲಿ ಹಾಲು ಕಂಡರೆ ಡಾಕ್ಟರ ಬಳಿ ಓಡುತ್ತಾರೆ. ಗಂಡಸಿಗೆ ಅಂಥ ಕ್ಯಾಲೆಂಡರ್ ಇಲ್ಲ. ಆಸಕ್ತಿ ಕುಗ್ಗುವುದು ಎಷ್ಟು ನಿಧಾನವೆಂದರೆ ಅದನ್ನು ವಯಸ್ಸಿನ, ಕೆಲಸದ, ಸಾಲದ ಲೆಕ್ಕಕ್ಕೆ ಬರೆದುಬಿಡುತ್ತಾನೆ. ದಿನವೂ ಬೇಕಾಗಿದ್ದ ಕ್ಷೌರ ಎರಡು ದಿನಕ್ಕೊಮ್ಮೆ ಸಾಕಾಗುತ್ತದೆ. ಮೆಟ್ಟಿಲು ಹತ್ತಿದರೆ ದಣಿವು. ರಕ್ತದ ಹಿಮೋಗ್ಲೋಬಿನ್ ಸ್ವಲ್ಪ ಇಳಿದಿರುತ್ತದೆ, ಕಬ್ಬಿಣದ ಮಾತ್ರೆ ಕೊಟ್ಟರೂ ಏರುವುದಿಲ್ಲ. ಹಿಮೋಗ್ಲೋಬಿನ್ ಹೆಚ್ಚಿಸುವಲ್ಲಿ ಟೆಸ್ಟೋಸ್ಟೆರಾನ್ ಪಾತ್ರವಿದೆ ಎಂಬುದು ನೆನಪಿಗೆ ಬಂದರೆ ತಾನೆ! ಮೂಳೆ ಒಳಗೊಳಗೇ ಟೊಳ್ಳಾಗುತ್ತಿರುತ್ತದೆ. ಇದನ್ನೆಲ್ಲ ಕೂಡಿಸಿ ನೋಡುವವರು ಯಾರು? ಹೆಂಡತಿಗೆ ಗೊತ್ತಿದ್ದರೂ ಹೇಳಲು ಸಂಕೋಚ, ಗಂಡನಿಗೆ ಕೇಳಲು ಸಂಕೋಚ, ಡಾಕ್ಟರಿಗೆ ಕೇಳಲು ಪುರಸೊತ್ತಿಲ್ಲ.

ಅಷ್ಟರಲ್ಲಿ ಗಡ್ಡೆ ಮೇಲಕ್ಕೆ ಬೆಳೆಯುತ್ತದೆ. ಪಿಟ್ಯುಟರಿಯ ನೇರ ಮೇಲೆ ಎರಡೂ ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗವಿದೆ. ಅಲ್ಲಿ ಒತ್ತಡ ಬಿದ್ದರೆ ಎರಡೂ ಕಣ್ಣುಗಳ ಹೊರಬದಿಯ ದೃಷ್ಟಿ ಮಸುಕಾಗುತ್ತದೆ. ಎದುರಿನ ಬೋರ್ಡು ಚೆನ್ನಾಗಿಯೇ ಓದಲು ಬರುತ್ತದೆ, ಪಕ್ಕದಿಂದ ಬಂದ ಸ್ಕೂಟರ್ ಕಾಣುವುದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತದೆ. ಕನ್ನಡಕ ಬದಲಿಸಿದರೂ ಪ್ರಯೋಜನವಾಗದು, ಏಕೆಂದರೆ ಅಕ್ಷರದ ಚಾರ್ಟ್ ಓದಿಸಿ ಮಾಡುವ ಪರೀಕ್ಷೆಯಲ್ಲಿ ಈ ದೋಷ ತಪ್ಪಿಸಿಕೊಳ್ಳುತ್ತದೆ. ದೃಷ್ಟಿಯ ವಿಸ್ತಾರವನ್ನು ಅಳೆಯುವ ಪರೀಕ್ಷೆ ಬೇರೆಯೇ ಇದೆ. ಅದನ್ನು ಮಾಡಿಸುವಷ್ಟು ಸಂಶಯ ಬಂದ ಕಣ್ಣಿನ ಡಾಕ್ಟರೇ ಎಷ್ಟೋ ಗಂಡಸರ ಪಾಲಿಗೆ ಪಿಟ್ಯುಟರಿ ಗಡ್ಡೆ ಹಿಡಿದುಕೊಟ್ಟ ಮೊದಲಿಗರು.

ಮಕ್ಕಳಾಗದ ದಂಪತಿಯ ಕಥೆಯಲ್ಲಿ ಇದಕ್ಕಿಂತಲೂ ಕಹಿ ಇದೆ. ಮದುವೆಯಾಗಿ ಎರಡು ವರ್ಷ ಕಳೆಯಿತೆಂದರೆ ನಮ್ಮಲ್ಲಿ ಮೊದಲು ಆಸ್ಪತ್ರೆಗೆ ಹೋಗುವವಳು ಹೆಂಡತಿ. ಅವಳಿಗೆ ಸ್ಕ್ಯಾನು, ಅವಳಿಗೆ ಹಾರ್ಮೋನ್ ಪರೀಕ್ಷೆ, ಅವಳಿಗೆ ಮಾತ್ರೆ, ಹರಕೆ, ನಾಗಪ್ರತಿಷ್ಠೆ. ಗಂಡನ ವೀರ್ಯ ಪರೀಕ್ಷೆ ಇವೆಲ್ಲಕ್ಕಿಂತ ಸುಲಭದ್ದು, ಅಗ್ಗದ್ದು. ಅದು ಸರದಿಯಲ್ಲಿ ಕೊನೆಗೆ. ವೀರ್ಯಾಣು ಕಡಿಮೆಯಿರುವ ಗಂಡಸರಲ್ಲಿ ಪಿಟ್ಯುಟರಿ ಗಡ್ಡೆಯಿರುವವರು ಕೆಲವರೇ. ಆದರೆ ಆ ಕೆಲವರ ಬಂಜೆತನ ಔಷಧಿಯಿಂದ ಸರಿಹೋಗುವಂಥದು ಎಂಬುದನ್ನು ಮರೆಯಬಾರದು. ಗಂಡಸಿನ ಬಂಜೆತನದಲ್ಲಿ ಹಾಗೆ ಖಚಿತವಾದ ಮದ್ದಿರುವ ಕಾರಣಗಳು ಹೆಚ್ಚಿಲ್ಲ.

ಇನ್ನು ಲ್ಯಾಬಿನ ವರದಿ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುವ ಹಾರ್ಮೋನು. ಆಫೀಸು ಮುಗಿಸಿ, ತಿಂಡಿ ತಿಂದು, ಸಂಜೆ ಆರಕ್ಕೆ ಕೊಟ್ಟ ರಕ್ತದಲ್ಲಿ ಅದು ಕಡಿಮೆ ಬಂದರೆ ಏನನ್ನೂ ತೀರ್ಮಾನಿಸುವಂತಿಲ್ಲ. ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡಬೇಕು. ಡೆಸಿಲೀಟರಿಗೆ 300 ನ್ಯಾನೊಗ್ರಾಂ ಎಂಬುದು ಬಹಳ ಕಡೆ ಬಳಸುವ ಕೆಳಮಿತಿ. ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೆಚ್ಚಿನವರಿಗೆ ಗಡ್ಡೆ ಇರುವುದಿಲ್ಲ. ಬೊಜ್ಜು, ಸಕ್ಕರೆ ಕಾಯಿಲೆ, ನಿದ್ದೆಗೇಡು, ಈಚೆಗೆ ಬಂದುಹೋದ ಜ್ವರ, ಕೆಲವು ಬಲವಾದ ನೋವಿನ ಔಷಧಿಗಳು, ಇವೆಲ್ಲ ಅದನ್ನು ಇಳಿಸುತ್ತವೆ. ಆದ್ದರಿಂದ ಈ ಲೇಖನ ಓದಿ ಯಾರೂ ಸ್ಕ್ಯಾನ್ ಸೆಂಟರಿಗೆ ಓಡಬೇಕಿಲ್ಲ.

ಓದಬೇಕಾದದ್ದು ಟೆಸ್ಟೋಸ್ಟೆರಾನಿನ ಜೊತೆ ಎಲ್‌ಎಚ್ ಎಷ್ಟಿದೆ ಎಂಬುದನ್ನು. ವೃಷಣವೇ ಕೆಟ್ಟಿದ್ದರೆ ಪಿಟ್ಯುಟರಿ ಸುಮ್ಮನಿರುವುದಿಲ್ಲ, ಕೂಗಿ ಕೂಗಿ ಎಲ್‌ಎಚ್ ಅನ್ನು ಏರಿಸುತ್ತದೆ. ಟೆಸ್ಟೋಸ್ಟೆರಾನ್ ಕಡಿಮೆ, ಎಲ್‌ಎಚ್ ಹೆಚ್ಚು ಎಂದಾದರೆ ತೊಂದರೆ ಕೆಳಗೆ. ಎರಡೂ ಕಡಿಮೆ ಎಂದಾದರೆ ತೊಂದರೆ ಮೇಲೆ. ಬಹಳ ಜನ ಎಡವುವುದು ಮೂರನೆಯ ಬಗೆಯಲ್ಲಿ: ಟೆಸ್ಟೋಸ್ಟೆರಾನ್ ಪಾತಾಳದಲ್ಲಿದೆ, ಎಲ್‌ಎಚ್ ಮುಂದೆ ಲ್ಯಾಬಿನವರು ‘ನಾರ್ಮಲ್’ ಎಂದು ಬರೆದಿದ್ದಾರೆ. ಮನೆಗೆ ಬೆಂಕಿ ಬಿದ್ದಾಗಲೂ ಮಾಮೂಲಿ ದನಿಯಲ್ಲಿ ಮಾತಾಡುವವನು ನಾರ್ಮಲ್ ಅಲ್ಲ. ಆ ಹೊತ್ತಿಗೆ ಎಲ್‌ಎಚ್ ಏರಬೇಕಿತ್ತು. ಏರಿಲ್ಲವೆಂದರೆ ಪ್ರೊಲ್ಯಾಕ್ಟಿನ್ ನೋಡಲೇಬೇಕು.

ಪ್ರೊಲ್ಯಾಕ್ಟಿನ್ ಕೂಡ ಸುಲಭದ ಆಸಾಮಿಯಲ್ಲ. ಸೂಜಿಯ ಭಯಕ್ಕೇ ಸ್ವಲ್ಪ ಏರುತ್ತದೆ. ಥೈರಾಯ್ಡ್ ಕುಗ್ಗಿದ್ದರೆ, ಮೂತ್ರಪಿಂಡ ಸೋತಿದ್ದರೆ ಏರುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ಕಾರಣವನ್ನು ದಪ್ಪಕ್ಷರದಲ್ಲಿ ಬರೆಯಬೇಕು: ‘ಗ್ಯಾಸ್ ಮಾತ್ರೆ’. ಆಸಿಡಿಟಿಗೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ನುಂಗುವ ಕ್ಯಾಪ್ಸೂಲುಗಳಲ್ಲಿ ಎಷ್ಟೋ ಸಲ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಡೋಂಪೆರಿಡೋನ್ ಇಲ್ಲವೇ ಲೆವೊಸಲ್ಪಿರೈಡ್ ಸೇರಿರುತ್ತದೆ. ಇವೆರಡೂ ಡೋಪಮಿನ್ನಿನ ಕೈಕಟ್ಟಿಹಾಕುವ ಔಷಧಿಗಳು. ಪ್ರೊಲ್ಯಾಕ್ಟಿನ್ ಏರುತ್ತದೆ, ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಹೆಂಗಸರಾದರೆ ಮುಟ್ಟು ತಪ್ಪುತ್ತದೆ, ಹಾಲು ಕಾಣಿಸುತ್ತದೆ. ತಲೆಯಲ್ಲಿ ಗಡ್ಡೆಯಿಲ್ಲ, ಜೇಬಿನಲ್ಲಿ ಮಾತ್ರೆಯ ಪಟ್ಟಿಯಿದೆ, ಅಷ್ಟೇ. ಎಂಆರ್‌ಐಗೆ ಹಣ ಸುರಿಯುವ ಮೊದಲು ಆ ಪಟ್ಟಿಯ ಹಿಂದಿನ ಸಣ್ಣಕ್ಷರ ಓದುವುದು ಒಳ್ಳೆಯದು. ರಿಸ್ಪೆರಿಡೋನ್‌ನಂಥ ಮನೋರೋಗದ ಔಷಧಿಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಆದರೆ ಅವುಗಳನ್ನು ಮನೋವೈದ್ಯರನ್ನು ಕೇಳದೆ ನಿಲ್ಲಿಸುವುದು ಅಪಾಯ.

ಅಂಕಿಗಳ ಹೊರಗೆರೆ ಇಷ್ಟು: ಪ್ರೊಲ್ಯಾಕ್ಟಿನ್ 200 ದಾಟಿದರೆ, ಮೇಲೆ ಹೇಳಿದ ಔಷಧಿ ಇಲ್ಲದಿದ್ದರೆ, ಪ್ರೊಲ್ಯಾಕ್ಟಿನೋಮಾ ಇರುವುದು ಬಹುತೇಕ ಖಚಿತ. ನೂರರ ಒಳಗಿದ್ದು ಸ್ಕ್ಯಾನಿನಲ್ಲಿ ದೊಡ್ಡ ಗಡ್ಡೆ ಕಂಡರೆ ಅದು ಬೇರೆ ಬಗೆಯದಿರಬಹುದು; ಮೇಲಿನಿಂದ ಇಳಿಯುವ ಡೋಪಮಿನ್ನಿನ ದಾರಿಯನ್ನು ಒತ್ತಿಹಿಡಿದದ್ದಕ್ಕೆ ಪ್ರೊಲ್ಯಾಕ್ಟಿನ್ ಸ್ವಲ್ಪ ಏರಿರುತ್ತದೆ. ಹೀಗೆನ್ನುವಾಗಲೂ ಒಂದು ಮೋಸವಿದೆ. ಗಡ್ಡೆ ದೈತ್ಯವಾಗಿದ್ದು ಪ್ರೊಲ್ಯಾಕ್ಟಿನ್ ಹತ್ತಾರು ಸಾವಿರಕ್ಕೆ ಏರಿದ್ದರೆ ಲ್ಯಾಬಿನ ಕೆಲವು ಕಿಟ್‌ಗಳು ತಬ್ಬಿಬ್ಬಾಗಿ ಕಡಿಮೆ ಅಂಕಿ ತೋರಿಸುತ್ತವೆ. ರಕ್ತದ ಸ್ಯಾಂಪಲನ್ನು ನೂರು ಪಟ್ಟು ತೆಳುಮಾಡಿ ಮತ್ತೆ ಅಳೆದರೆ ನಿಜ ಹೊರಬೀಳುತ್ತದೆ. ಇದನ್ನು ಮಾಡದೆ ಮಾತ್ರೆಯಲ್ಲಿ ಕರಗಬೇಕಿದ್ದ ಗಡ್ಡೆಗೆ ಆಪರೇಷನ್ ಮಾಡಿದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ಇವೆ.

ಮಾತ್ರೆಯಲ್ಲಿ ಕರಗುವ ಮಿದುಳ ಗಡ್ಡೆ ಎಂದರೆ ಓದುಗರಿಗೆ ನಂಬಿಕೆ ಬಾರದೆ ಇರಬಹುದು. ಪಿಟ್ಯುಟರಿ ಲೋಕದ ಅತ್ಯಂತ ಸಂತೋಷದ ಸಂಗತಿ ಇದು. ಡೋಪಮಿನ್ನಿನಂತೆಯೇ ವರ್ತಿಸುವ ಔಷಧಿ ಕೊಟ್ಟರೆ ಪ್ರೊಲ್ಯಾಕ್ಟಿನೋಮಾ ಸ್ರವಿಸುವುದನ್ನೂ ನಿಲ್ಲಿಸುತ್ತದೆ, ಕುಗ್ಗುತ್ತದೆ ಕೂಡ. 1970ರ ದಶಕದಲ್ಲಿ ಬ್ರೋಮೊಕ್ರಿಪ್ಟಿನ್ ಬಂತು, ದಿನವೂ ನುಂಗಬೇಕು, ವಾಕರಿಕೆ ಹೆಚ್ಚು. ಆಮೇಲೆ ಬಂದ ಕ್ಯಾಬರ್ಗೋಲಿನ್ ವಾರಕ್ಕೆ ಎರಡು ಸಲ ಸಾಕು, ಬಹುಪಾಲು ರೋಗಿಗಳಲ್ಲಿ ಪ್ರೊಲ್ಯಾಕ್ಟಿನ್ ಹತೋಟಿಗೆ ಬರುತ್ತದೆ. ಕಣ್ಣಿನ ನರ ಒತ್ತಿಕೊಂಡಿದ್ದವರಿಗೆ ಕೆಲವೊಮ್ಮೆ ದಿನಗಳಲ್ಲೇ ದೃಷ್ಟಿ ತಿಳಿಯಾಗುತ್ತದೆ. ಟೆಸ್ಟೋಸ್ಟೆರಾನ್ ತಿಂಗಳುಗಳಲ್ಲಿ ತಾನಾಗಿ ಮೇಲೇಳುತ್ತದೆ, ವೀರ್ಯಾಣು ಇನ್ನೂ ನಿಧಾನ, ಏಕೆಂದರೆ ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಸುಮಾರು ಬೇಕು. ಈ ಮಾತ್ರೆಗೊಂದು ವಿಚಿತ್ರ ಅಡ್ಡಪರಿಣಾಮವಿದೆ, ಮನೆಯವರು ತಿಳಿದಿರಲೇಬೇಕು: ಕೆಲವರಿಗೆ ಜೂಜಿನ, ಖರೀದಿಯ, ಕಾಮದ ಚಪಲ ಹತೋಟಿ ಮೀರುತ್ತದೆ. ಕ್ಯಾಬರ್ಗೋಲಿನ್ ನುಂಗುವವರು ಇದ್ದಕ್ಕಿದ್ದಂತೆ ಮೊಬೈಲಿನಲ್ಲಿ ರಮ್ಮಿ ಆಡಿ ಸಂಬಳ ಕಳೆದರೆ ಬೈಯುವ ಮೊದಲು ಡಾಕ್ಟರಿಗೆ ತಿಳಿಸಿ.

ಉಳಿದ ಬಗೆಯ ದೊಡ್ಡ ಗಡ್ಡೆಗಳಿಗೆ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆ. ತಲೆಬುರುಡೆ ತೆರೆಯುವ ಮಾತು ಈಗ ಅಪರೂಪ. 1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹರ್ಮನ್ ಷ್ಲೋಫರ್ ಮೂಗಿನ ಹಾದಿ ಹಿಡಿದು ಪಿಟ್ಯುಟರಿ ತಲುಪಿದರು. ಇಂದು ಎಂಡೋಸ್ಕೋಪ್ ಹಿಡಿದು ಅದೇ ಹಾದಿಯಲ್ಲಿ ಹೋಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನಮ್ಮ ದೊಡ್ಡ ಆಸ್ಪತ್ರೆಗಳ ನರಶಸ್ತ್ರಚಿಕಿತ್ಸಾ ವಿಭಾಗಗಳಿಗೆ ಇದು ಪರಿಚಿತ ಕೆಲಸ.

ಇಷ್ಟಾದ ಮೇಲೂ ಇಂಜೆಕ್ಷನ್ ಕೊಟ್ಟರೆ ಗಂಟೇನು ಹೋಯಿತು ಎಂದು ಕೇಳುವವರಿದ್ದಾರೆ. ಒಂದು, ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಉತ್ಸಾಹ ಮರಳಿ, ಗಡ್ಡೆಯ ಮೊದಲ ಸುಳಿವು ಅಳಿಸಿಹೋಗುತ್ತದೆ. ಎರಡು, ಟೆಸ್ಟೋಸ್ಟೆರಾನಿನ ಒಂದು ಪಾಲು ದೇಹದಲ್ಲಿ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನಾಗಿ ಮಾರ್ಪಡುತ್ತದೆ. ಪ್ರೊಲ್ಯಾಕ್ಟಿನ್ ಕೋಶಗಳಿಗೆ ಈಸ್ಟ್ರೊಜೆನ್ ಎಂದರೆ ಗೊಬ್ಬರ. ಪ್ರೊಲ್ಯಾಕ್ಟಿನೋಮಾ ಇದ್ದ ಗಂಡಸರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ ಪ್ರೊಲ್ಯಾಕ್ಟಿನ್ ಮತ್ತಷ್ಟು ಏರಿದ್ದನ್ನು, ಔಷಧಿಗೆ ಬಗ್ಗದೆ ಹೋದದ್ದನ್ನು ವೈದ್ಯರು ಕೆಲವು ರೋಗಿಗಳಲ್ಲಿ ದಾಖಲಿಸಿದ್ದಾರೆ. ಎಲ್ಲರಲ್ಲೂ ಹಾಗಾಗುತ್ತದೆಂದಲ್ಲ. ಮೊದಲು ಪ್ರೊಲ್ಯಾಕ್ಟಿನ್ ಇಳಿಸಿ, ಆಮೇಲೂ ಕೊರತೆ ಉಳಿದರೆ ಟೆಸ್ಟೋಸ್ಟೆರಾನ್ ಕೊಡುವ ಕ್ರಮ ಅದಕ್ಕಾಗಿಯೇ.

ಮೂರನೆಯದು, ತಂದೆಯಾಗಬೇಕೆಂದಿರುವವರು ಕಿವಿಗೊಡಬೇಕಾದದ್ದು. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದೊಡನೆ ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ, ವೀರ್ಯಾಣು ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟಾಗ ಆರು ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಜನರ ವೀರ್ಯದಲ್ಲಿ ಒಂದೂ ವೀರ್ಯಾಣು ಉಳಿಯಲಿಲ್ಲ. ಜಿಮ್ಮಿನ ಕೋಚ್ ಮಾತು ಕೇಳಿ ಸ್ಟೆರಾಯ್ಡ್ ಚುಚ್ಚಿಕೊಳ್ಳುವ ಹುಡುಗರು ತಿಳಿಯದೆಯೇ ಈ ಪ್ರಯೋಗವನ್ನು ತಮ್ಮ ಮೇಲೆ ಮಾಡಿಕೊಳ್ಳುತ್ತಿದ್ದಾರೆ. ಪಿಟ್ಯುಟರಿ ಸೋತ ಗಂಡಸಿಗೆ ಮಗು ಬೇಕೆಂದರೆ ಕೊಡುವುದು ಎಚ್‌ಸಿಜಿ ಇಂಜೆಕ್ಷನ್, ಬೇಕಾದರೆ ಎಫ್‌ಎಸ್‌ಎಚ್ ಸೇರಿಸಿ. ಎಚ್‌ಸಿಜಿ ಗರ್ಭಿಣಿಯರ ಮೂತ್ರದಲ್ಲಿ ಸಿಗುವ ಹಾರ್ಮೋನು; ವೃಷಣಕ್ಕೆ ಅದು ಎಲ್‌ಎಚ್‌ನಂತೆಯೇ ಕಾಣುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ ತಾಳ್ಮೆ ಬೇಕು.

ಸಂಬಂಧ ತಿರುಗುಮುರುಗಾಗಿಯೂ ಇದೆಯೇ, ಅಂದರೆ ಟೆಸ್ಟೋಸ್ಟೆರಾನಿನಂಥ ಆಂಡ್ರೊಜೆನ್‌ಗಳು ಪಿಟ್ಯುಟರಿಯ ಆಕಾರವನ್ನೇ ಬದಲಿಸುತ್ತವೆಯೇ? ಪುರುಷ ಹಾರ್ಮೋನು ಗಡ್ಡೆ ಹುಟ್ಟಿಸುತ್ತದೆ ಎನ್ನಲು ಆಧಾರವಿಲ್ಲ. ಆದರೆ ಅದು ಇಲ್ಲವಾದಾಗ ಗ್ರಂಥಿ ಹಿಗ್ಗುವುದು ಹಳೆಯ ತಿಳಿವಳಿಕೆ. ರಷ್ಯಾದಲ್ಲಿ ಸ್ಕೋಪ್ಟ್ಸಿ ಎಂಬ ಪಂಥದವರು ಧರ್ಮದ ಹೆಸರಿನಲ್ಲಿ ಬೀಜ ತೆಗೆಸಿಕೊಳ್ಳುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಅವರನ್ನು ಪರೀಕ್ಷಿಸಿದ ಟಾಂಡ್ಲರ್ ಮತ್ತು ಗ್ರೋಸ್ ಎಂಬ ವೈದ್ಯರಿಗೆ ಪಿಟ್ಯುಟರಿ ಕೂರುವ ಮೂಳೆಯ ಗುಂಡಿ ಹಿಗ್ಗಿರುವುದು ಕಂಡಿತು. ಸಾಕು ಎನ್ನುವ ಸುದ್ದಿ ಬಾರದೆ ಗ್ರಂಥಿ ದುಡಿದೂ ದುಡಿದೂ ದಪ್ಪವಾಗಿತ್ತು.

ಇದಕ್ಕೊಂದು ಇಂದಿನ ಮುಖವೂ ಇದೆ, ವಯಸ್ಸಾದವರಿಗೆ ಸಂಬಂಧಿಸಿದ್ದು. ಪ್ರಾಸ್ಟೇಟ್ ಕ್ಯಾನ್ಸರ್ ಟೆಸ್ಟೋಸ್ಟೆರಾನನ್ನು ಉಂಡು ಬೆಳೆಯುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ಅದಕ್ಕಾಗಿ ನೊಬೆಲ್ ಪಡೆದರು. ಇಂದು ಆ ಕ್ಯಾನ್ಸರಿಗೆ ಲ್ಯೂಪ್ರೊಲೈಡ್‌ನಂಥ ಇಂಜೆಕ್ಷನ್ ಕೊಟ್ಟು ಟೆಸ್ಟೋಸ್ಟೆರಾನ್ ಇಳಿಸುತ್ತಾರೆ. ಅದು ಕೃತಕ ಜಿಎನ್‌ಆರ್‌ಎಚ್. ಬಿಟ್ಟು ಬಿಟ್ಟು ಬಂದರೆ ಪಿಟ್ಯುಟರಿಯನ್ನು ಎಬ್ಬಿಸುವ ಇದು ಬಿಡದೆ ಬಂದರೆ ಮಲಗಿಸುತ್ತದೆ. ಮಲಗಿಸುವ ಮೊದಲು ಒಂದೆರಡು ವಾರ ಜೋರಾಗಿ ಬಡಿದೆಬ್ಬಿಸುತ್ತದೆ. ಯಾರಿಗೂ ಗೊತ್ತಿಲ್ಲದ ಪಿಟ್ಯುಟರಿ ಗಡ್ಡೆಯೊಂದು ಅಡಗಿ ಕೂತಿದ್ದರೆ ಆ ಹೊಡೆತಕ್ಕೆ ಅದರೊಳಗೆ ರಕ್ತಸ್ರಾವವಾಗಬಹುದು. ಅಪರೂಪ, ಆದರೆ ಔಷಧಿಯ ಮಾಹಿತಿಯಲ್ಲೇ ಈ ಎಚ್ಚರಿಕೆ ಇದೆ. ಮೊದಲ ಇಂಜೆಕ್ಷನ್ ಆದ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಸಿಡಿಲಿನಂಥ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಒಂದು ಎರಡಾಗಿ ಕಾಣುವುದು ಆದರೆ ಅಜ್ಜನಿಗೆ ಪಿತ್ತ ಎಂದು ಮಜ್ಜಿಗೆ ಕುಡಿಸಿ ಮಲಗಿಸಬಾರದು. ಅದು ತುರ್ತು ಪರಿಸ್ಥಿತಿ.

ಹೆಂಗಸರಲ್ಲಿ ಆಟ ಉಲ್ಟಾ. ಅವರ ದೇಹದಲ್ಲೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿ ಸ್ವಲ್ಪ ಆಂಡ್ರೊಜೆನ್ ತಯಾರಿಸುತ್ತವೆ. ಎಸಿಟಿಎಚ್ ಎಂಬ ಹಾರ್ಮೋನು ಸುರಿಯುವ ಪುಟ್ಟ ಪಿಟ್ಯುಟರಿ ಗಡ್ಡೆ, ಕೆಲವೊಮ್ಮೆ ಅಕ್ಕಿಕಾಳಿನಷ್ಟಿದ್ದು ಸ್ಕ್ಯಾನಿಗೂ ಸಿಗದಂಥದು, ಅಡ್ರಿನಲ್ಲನ್ನು ಚಾವಟಿ ಹಿಡಿದು ದುಡಿಸುತ್ತದೆ. ಅಲ್ಲಿ ತಯಾರಾಗುವ ಕಾರ್ಟಿಸೋಲ್ ಹಾರ್ಮೋನು ಏರುತ್ತದೆ, ಜೊತೆಗೆ ಆಂಡ್ರೊಜೆನ್ ಕೂಡ. ಮುಖದ ಮೇಲೆ ಕೂದಲು, ಮೊಡವೆ, ಮುಟ್ಟು ಏರುಪೇರು. ಅಮೆರಿಕದ ಹಾರ್ವೆ ಕುಶಿಂಗ್ 1912ರಲ್ಲಿ 23 ವರ್ಷದ ಇಂಥ ಒಬ್ಬಳನ್ನು ವರ್ಣಿಸಿ, 1932ರಲ್ಲಿ ಪಿಟ್ಯುಟರಿ ಗಡ್ಡೆಯತ್ತ ಬೆರಳು ತೋರಿಸಿದರು. ಕಾಯಿಲೆಗೆ ಅವರದೇ ಹೆಸರು. ಅದೇ ಗಡ್ಡೆ ಗಂಡಸಿಗೆ ಬಂದರೆ ಏರಿದ ಕಾರ್ಟಿಸೋಲ್ ಅವನ ಟೆಸ್ಟೋಸ್ಟೆರಾನನ್ನು ತುಳಿಯುತ್ತದೆ: ಅವಳಿಗೆ ಹೆಚ್ಚು, ಅವನಿಗೆ ಕೊರತೆ. ಮುಖದಲ್ಲಿ ಕೂದಲು ಬಂದ ಹುಡುಗಿಯರಲ್ಲಿ ಬಹುತೇಕರದು ಅಂಡಾಶಯದ ತೊಂದರೆಯಾದ ಪಿಸಿಒಎಸ್ ಎಂಬುದು ನಿಜ. ಆದರೆ ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೀರು, ಸುಮ್ಮನೆ ತಾಗಿದರೂ ಕಪ್ಪುಗಟ್ಟುವ ಚರ್ಮ, ಕುಕ್ಕರಗಾಲಿನಿಂದ ಏಳಲಾಗದಂಥ ತೊಡೆಯ ಸೋಲು, ಚಿಕ್ಕ ವಯಸ್ಸಿಗೇ ಬಿಪಿ, ಶುಗರ್ ಸೇರಿಕೊಂಡರೆ ಪಾರ್ಲರ್ ಸಾಲದು, ಪಿಸಿಒಎಸ್ ಎಂಬ ಹಣೆಪಟ್ಟಿಯೂ ಸಾಲದು. ಕಾರ್ಟಿಸೋಲ್ ಪರೀಕ್ಷೆ ಆಗಬೇಕು.

ಕೊನೆಗೊಂದು ಸಮಾಧಾನ, ಒಂದು ಕೋರಿಕೆ. ಬೇರೆ ಕಾರಣಕ್ಕೆ ತಲೆಯ ಎಂಆರ್‌ಐ ಮಾಡಿಸಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಪಿಟ್ಯುಟರಿಯಲ್ಲಿ ಏನೋ ಒಂದು ಪುಟ್ಟ ಚುಕ್ಕೆ ಕಾಣಿಸುತ್ತದೆ. ಅವುಗಳಲ್ಲಿ ಹೆಚ್ಚಿನವು ಜೀವನಪೂರ್ತಿ ಯಾವ ತಂಟೆಯನ್ನೂ ಮಾಡುವುದಿಲ್ಲ, ಹಾರ್ಮೋನ್ ತಜ್ಞರಿಗೆ ಒಮ್ಮೆ ತೋರಿಸಿದರೆ ಸಾಕು. ಕೋರಿಕೆ ಗಂಡಸರಿಗೆ, ಅವರಿಗಿಂತ ಹೆಚ್ಚಾಗಿ ಅವರನ್ನು ಹತ್ತಿರದಿಂದ ಕಾಣುವ ಹೆಂಡತಿಯರಿಗೆ: ಟೆಸ್ಟೋಸ್ಟೆರಾನ್ ಕಡಿಮೆ ಇದೆ ಎಂದು ಯಾರಾದರೂ ಇಂಜೆಕ್ಷನ್ ಬರೆದುಕೊಟ್ಟರೆ, ಮೊದಲ ಸೂಜಿ ಚುಚ್ಚುವ ಮುನ್ನ ಎಲ್‌ಎಚ್ ಮತ್ತು ಪ್ರೊಲ್ಯಾಕ್ಟಿನ್ ಎಷ್ಟಿದೆ ಎಂದು ಕೇಳಿ. ಟೆಸ್ಟೋಸ್ಟೆರಾನಿಗೆಂದು ತೆಗೆದ ಅದೇ ರಕ್ತದಲ್ಲಿ ಇವೆರಡನ್ನೂ ಅಳೆಯಬಹುದು.